ಹೆಳವ ಕೆಂಚಯ್ಯ ಮತ್ತು ಹಜಾರಾ ಬಾಡಿಗೆದಾರ

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ನಾಲ್ಕು ಜನರ ಎದುರಿಗೆ, ನಾನು ಬೇರೊಬ್ಬರ ಒಗೆದ ಬಟ್ಟೆಗೆ ಬೆಲೆ ಕೇಳಿದೆ.

ಚಳಿಗಾಲ ಬಂತೆಂದರೆ ನಮ್ಮ ಅರಸೀಕೆರೆಯ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಸ್ವೆಟರ್ ಮಾರುವವರು ಬಂದು ಹಗ್ಗ ಕಟ್ಟುತ್ತಾರೆ. ಸಣ್ಣ ಕಣ್ಣು, ಚಪ್ಪಟೆ ಮೂಗು, ಕೆಂಪಗಿನ ಕೆನ್ನೆ. ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯ ಮುಂದೆ ಅದೇ ಕಣ್ಣು, ಅದೇ ಮೂಗಿನ ಯುವಕನೊಬ್ಬ ಬಟ್ಟೆಯ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ. ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗುವುದಿಲ್ಲ. ಗಂಟಿನಿಂದ ಒಂದು ನೀಲಿ ಸ್ವೆಟರ್ ಎಳೆದು, ಎದೆಗೆ ಹಿಡಿದು, "ಕಿತನಾ?" ಎಂದೆ. ಅದರ ಜೊತೆಗೆ ಒಂದು ಒಳಚಡ್ಡಿಯೂ ಹೊರಬಂದು ನನ್ನ ಚಪ್ಪಲಿಯ ಮೇಲೆ ಬಿತ್ತು.

ಯುವಕ ಕನ್ನಡದಲ್ಲಿ ಹೇಳಿದ: "ಸ್ವೆಟರ್ ಕೊಡಕ್ಕಾಗಲ್ಲ ಸಾರ್, ಇರೋದು ಒಂದೇ."

ಬೆಂಚಿನ ಮೇಲೆ ಕೂತು ಟೀ ಹೀರುತ್ತಿದ್ದ ಒಬ್ಬ ವಯಸ್ಸಾದವನು ಲೋಟ ಕೆಳಗಿಡದೆ ಹೇಳಿದ: "ಇನ್ನೊಂದು ಕೆಳಗೆ ಬಿದ್ದೈತಲ್ಲ ಮೇಷ್ಟ್ರೇ, ಅದರ ಅಳತೆ ನೋಡ್ಕಳಿ."

ಹೀಗೆ ಹೇಳಿದವನು ಹೆಳವರ ಕೆಂಚಯ್ಯ. ಈ ಬರಹ ಅವನ ಬಗ್ಗೆ. ನನ್ನ ಬಗ್ಗೆ ಆಗಬಾರದೆಂದು ಆದಷ್ಟು ಪ್ರಯತ್ನಿಸುತ್ತೇನೆ, ಅಭ್ಯಾಸ ಕೆಟ್ಟದ್ದು.

ಹೆಳವರೆಂದರೆ ನಮ್ಮ ಮನೆತನಗಳ ವಂಶ ಹೇಳುವವರು. ಮೂರು ವರ್ಷಕ್ಕೊಮ್ಮೆ ಬರುತ್ತಾರೆ, ಜಗಲಿಯ ಮೇಲೆ ಕೂರುತ್ತಾರೆ, ನಿಮ್ಮ ಮುತ್ತಜ್ಜನಿಂದ ನಿಮ್ಮವರೆಗೆ ಹೆಸರು ಹಾಡುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ, ಮೊರದ ತುಂಬ ರಾಗಿ ಇಸಿದುಕೊಂಡು ಹೋಗುತ್ತಾರೆ. ಕೆಂಚಯ್ಯನ ತಾತ ಎತ್ತಿನ ಮೇಲೆ, ಹೆಳವನೆಂಬ ಹೆಸರಿಗೆ ತಕ್ಕ ಕುಂಟನಂತೆ ಕಾಲಿಗೆ ಕಂಬಳಿ ಹೊದ್ದುಕೊಂಡು ಬರುತ್ತಿದ್ದನಂತೆ. ಅಪ್ಪ ನಡೆದು ಬರುತ್ತಿದ್ದ. ಕೆಂಚಯ್ಯ ಟಿವಿಎಸ್ ಎಕ್ಸೆಲ್ಲಿನಲ್ಲಿ ಬರುತ್ತಾನೆ. ಮೂರು ತಲೆಮಾರಿನಲ್ಲಿ ವೇಗ ಹೆಚ್ಚಿತು, ಮರ್ಯಾದೆ ಇಳಿಯಿತು. ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕಗಳನ್ನು ಗೊಬ್ಬರದ ಚೀಲಕ್ಕೆ ತುರುಕಿ ಗಾಡಿಯ ಮುಂದೆ, ಕಾಲಿನ ನಡುವೆ ಇಟ್ಟುಕೊಂಡಿರುತ್ತಾನೆ. ಗಂಡಸಿಯಿಂದ ಹಳೇಬೀಡಿನವರೆಗೆ ನಲವತ್ತೆರಡು ಹಳ್ಳಿ ಅವನ ಪಾಲಿಗೆ ಬಂದಿವೆ. ನಲವತ್ತೆರಡು ಹಳ್ಳಿಯಲ್ಲಿ ಯಾರು ದತ್ತು ಬಂದವರು, ಯಾವ ಮನೆಯ ಹಿರಿಯ ಯಾರ ಎಮ್ಮೆ ಕದ್ದ, ಯಾರಿಗೆ ಎರಡನೆಯ ಸಂಸಾರವಿತ್ತು, ಎಲ್ಲ ಆ ಚೀಲದಲ್ಲಿದೆ. ಇಷ್ಟೆಲ್ಲ ತಿಳಿದ ಮನುಷ್ಯ ಜನರನ್ನು ಗೌರವಿಸಬೇಕೆಂದು ನಿರೀಕ್ಷಿಸುವುದು ತಪ್ಪು. ಕೆಂಚಯ್ಯ ಯಾರನ್ನೂ ಗೌರವಿಸುವುದಿಲ್ಲ. 'ಬುದ್ಧಿ' ಎಂದು ಕರೆಯುತ್ತಾನೆ, ಅಷ್ಟೆ.

ನಮ್ಮ ಸೀಮೆಗೆ ಇಂಥವನು ಬೇಕಿತ್ತು. ಬೇಲೂರು, ಹಳೇಬೀಡು ಹತ್ತಿರದಲ್ಲಿರುವುದರಿಂದ ನಮ್ಮಲ್ಲಿ ಮೂರು ಮನೆಗೊಬ್ಬರು ಹೊಯ್ಸಳರ ದಂಡನಾಯಕರ ವಂಶದವರು. ಮಿಕ್ಕವರು ಶಿಲ್ಪಿಗಳ ವಂಶದವರು. ಆ ದೇವಸ್ಥಾನಗಳಿಗೆ ಕಲ್ಲು ಹೊತ್ತವರ ವಂಶದವರು ಇಡೀ ಜಿಲ್ಲೆಯಲ್ಲಿ ಒಬ್ಬರೂ ಸಿಕ್ಕುವುದಿಲ್ಲ. ಪಾಪ, ಅಷ್ಟೂ ಕಲ್ಲನ್ನು ಹೊತ್ತು ಮಕ್ಕಳಿಲ್ಲದೆ ತೀರಿಕೊಂಡಿರಬೇಕು. ಒಮ್ಮೆ ಹಳೇಬೀಡಿನ ಒಬ್ಬ ಕಂಟ್ರಾಕ್ಟರು ತನ್ನ ಮುತ್ತಜ್ಜನನ್ನು ದಂಡನಾಯಕನೆಂದು ಬರೆದುಕೊಳ್ಳಲು ಕೆಂಚಯ್ಯನಿಗೆ ಹೇಳಿದನಂತೆ. "ಬರೀತೀನಿ ಬುದ್ಧಿ. ಆದ್ರೆ ಮುಂದಿನ ಸಾಲಲ್ಲೇ ದಂಡನಾಯಕ್ರು ಕಳ್ಳೆಕಾಯಿ ಹೊಲದಲ್ಲಿ ಸಿಕ್ಕಿಬಿದ್ದು ಒದೆ ತಿಂದವ್ರೆ. ಅದನ್ನೇನು ಮಾಡ್ಲಿ?" ಎಂದನಂತೆ ಇವನು. ನಮ್ಮ ಮನೆಗೂ ಬಂದಿದ್ದ. ನಮ್ಮ ಮೂಲಪುರುಷ ವಿದ್ಯಾದಾನಕ್ಕಾಗಿ ಬೇಲೂರಿನಿಂದ ಅರಸೀಕೆರೆಗೆ ಬಂದವರು ಎಂದು ನಾನು ತಿಳಿದಿದ್ದೆ. ಹೆಂಡತಿಗೆ ಹೆದರಿ ಬಂದರಂತೆ.

ಇನ್ನು ನೀಲಿ ಸ್ವೆಟರಿನ ಯುವಕ. ಅವನ ಹೆಸರು ನೌರೋಜ್ ಅಲಿ. ಅಫ್ಘಾನಿಸ್ತಾನದ ಬಾಮಿಯಾನ್ ಕಡೆಯವನು, ಹಜಾರಾ ಜನಾಂಗದವನು. ಕೃಷಿ ಓದಲು ಬಂದು, ಊರಿನಲ್ಲಿ ಸರ್ಕಾರ ಉರುಳಿ, ವಾಪಸು ಹೋಗಲಾರದೆ ಇಲ್ಲೇ ಸಂಶೋಧನೆಗೆ ಸೇರಿದ್ದ. ತೆಂಗಿನ ಗರಿಯನ್ನು ತಿನ್ನುವ ಕಪ್ಪುತಲೆ ಹುಳು ಅವನ ವಿಷಯ. ತೆಂಗಿನ ಮರವೇ ಇಲ್ಲದ ದೇಶದವನು ಈ ಹುಳುವಿನ ಹಿಂದೆ ಹೇಗೆ ಬಿದ್ದೆ ಎಂದು ಕೇಳಿದರೆ, "ಬೇರೆ ಹುಳಗಳನ್ನ ಬೇರೆಯವರು ತಗೊಂಡಿದ್ರು ಸಾರ್" ಎಂದ. ಗಂಡಸಿಯ ಸುತ್ತಿನ ಹನ್ನೆರಡು ತೋಟಗಳಲ್ಲಿ ವಾರಕ್ಕೊಮ್ಮೆ ಗರಿ ಎಣಿಸಬೇಕು. ಒಂದು ವಾರ ತಪ್ಪಿದರೂ ವರ್ಷದ ಲೆಕ್ಕ ಹಾಳು. ಎರಡು ತಿಂಗಳ ಎಣಿಕೆ ಬಾಕಿಯಿತ್ತು. ಅದು ಮುಗಿಯದಿದ್ದರೆ ಪದವಿ ಇಲ್ಲ. ಪದವಿ ಇಲ್ಲದಿದ್ದರೆ ಈ ದೇಶದಲ್ಲಿ ಉಳಿಯುವ ಕಾಗದವಿಲ್ಲ. ಕಾಗದವಿಲ್ಲದಿದ್ದರೆ ಹೋಗುವುದಕ್ಕೆ ಊರಿಲ್ಲ. ಈ ಸರಪಳಿಯ ಮೊದಲ ಕೊಂಡಿ ಗಂಡಸಿಯ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರ ಹಿತ್ತಿಲಲ್ಲಿದ್ದ ಒಂದು ಕೋಣೆ. ಅವನು ಅಲ್ಲಿ ಬಾಡಿಗೆಗಿದ್ದ.

ಆ ಕೋಣೆಗೆ ಕಲ್ಲು ಬಿದ್ದದ್ದು ನನ್ನಿಂದ.

ಅರಸೀಕೆರೆಯಲ್ಲಿ ನಮ್ಮದೊಂದು ಇತಿಹಾಸ ಬಳಗವಿದೆ. ಜಯದೇವಪ್ಪನವರ ಕೊಬ್ಬರಿ ಮಂಡಿಯ ಮಹಡಿಯಲ್ಲಿ ಸೇರುತ್ತೇವೆ. ಆದ್ದರಿಂದ ಜಯದೇವಪ್ಪನವರೇ ಅಧ್ಯಕ್ಷರು. ಬೇರೆ ಅರ್ಹತೆ ಅವರಲ್ಲಿ ನಮಗೆ ಕಾಣಲಿಲ್ಲ, ಅವರೂ ತೋರಿಸಲಿಲ್ಲ. ಒಳಚಡ್ಡಿಯ ಪ್ರಸಂಗಕ್ಕೆ ಪ್ರಾಯಶ್ಚಿತ್ತವಾಗಲೆಂದು ನಾನು 'ಹಜಾರಾ ಜನಾಂಗ: ಒಂದು ಕಿರುನೋಟ' ಎಂಬ ಉಪನ್ಯಾಸ ಇಟ್ಟುಕೊಂಡು ನೌರೋಜನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಹನ್ನೊಂದು ಮಂದಿ ಬಂದರು. ಎಂಟು ಮಂದಿ ಉಪ್ಪಿಟ್ಟಿಗೆ. ಆವತ್ತಿನ ಫೋಟೋ ನನ್ನ ಹತ್ತಿರ ಇದೆ. ನಾನು ಕೋಲು ಹಿಡಿದು ನಕ್ಷೆ ತೋರಿಸುತ್ತಿದ್ದೇನೆ. ಕೋಲಿನ ತುದಿ ಆ ಹುಡುಗನ ಮೂಗಿನಿಂದ ನಾಲ್ಕು ಬೆರಳು ದೂರ.

ಫೋನಿನಲ್ಲಿ ಇಪ್ಪತ್ತು ನಿಮಿಷ ಓದಿ ಗಳಿಸಿದ ಪಾಂಡಿತ್ಯವನ್ನು ಒಂದು ಗಂಟೆ ಖರ್ಚು ಮಾಡಿದೆ. ಹಜಾರಾಗಳ ಮೂಲದ ಬಗ್ಗೆ ಮೂರು ವಾದಗಳಿವೆ. ಚೆಂಗಿಸ್‌ಖಾನನ ದಂಡಿನವರು ಅಲ್ಲಿ ಉಳಿದುಕೊಂಡು ಬೆಳೆದ ಸಂತತಿ ಎಂಬುದು ಒಂದು. 'ಹಜಾರ್' ಎಂದರೆ ಸಾವಿರ, ಸಾವಿರ ಸೈನಿಕರ ತುಕಡಿ. ಅಲ್ಲ, ಅವರು ಬಾಮಿಯಾನಿನ ಬಂಡೆಯಲ್ಲಿ ಬುದ್ಧನನ್ನು ಕಡೆದ ಕಾಲಕ್ಕೂ ಮೊದಲಿಂದ ಅಲ್ಲೇ ಇದ್ದವರು ಎಂಬುದು ಇನ್ನೊಂದು. ಮಂಗೋಲರು, ತುರ್ಕರು, ಹಳಬರು ಎಲ್ಲ ಬೆರೆತು ಆದ ಜನ ಎಂಬುದು ಮೂರನೆಯದು. ತಿಳಿದವರಲ್ಲಿ ಹೆಚ್ಚಿನವರು ಇದನ್ನೇ ಒಪ್ಪುತ್ತಾರೆ. ಆದರೆ ಬೆರಕೆ ಎಂಬುದು ಭಾಷಣಕ್ಕೆ ಒದಗುವ ಸರಕಲ್ಲ. ಚೆಂಗಿಸ್‌ಖಾನ ಒದಗುತ್ತಾನೆ. ಅವನಿಗೆ ನಲವತ್ತು ನಿಮಿಷ ಕೊಟ್ಟೆ. ಕುದುರೆ, ಬೆಂಕಿ, ತಲೆಬುರುಡೆಗಳ ರಾಶಿ. ಒಬ್ಬರು ಉಪ್ಪಿಟ್ಟು ತಿನ್ನುವುದನ್ನು ನಿಲ್ಲಿಸಿದರು. ನನ್ನ ಜೀವನದಲ್ಲಿ ಮೊದಲ ಸಲ.

ಕೊನೆಗೆ ನೌರೋಜನಿಗೆ ಎರಡು ಮಾತು ಎಂದು ಮೈಕ್ ಕೊಟ್ಟೆ. ಅವನು ಎದ್ದು ನಿಂತ. "ನಮ್ಮೂರಲ್ಲಿ ಆಲೂಗಡ್ಡೆ ಬೆಳೀತಾರೆ, ನಿಮ್ಮ ಹಾಸನದ ತರ. ನಮ್ಮ ಭಾಷೆ ಪಾರ್ಸಿ ತರದ್ದು, ಹಜಾರಗಿ. ನೂರ ಮೂವತ್ತು ವರ್ಷದ ಹಿಂದೆ ಅಲ್ಲಿನ ರಾಜ ನಮ್ಮವರ ಜಮೀನು ಕಿತ್ತುಕೊಂಡು ಓಡಿಸಿದ. ತುಂಬ ಜನ ಸತ್ತರು. ಈಗಲೂ ರಸ್ತೇಲಿ ಬಸ್ ನಿಲ್ಲಿಸಿ ಮುಖ ನೋಡಿ ಇಳಿಸ್ತಾರೆ. ನೀನು ಇಲ್ಲಿಯವನಲ್ಲ, ಮಂಗೋಲಿಯಾಕ್ಕೆ ಹೋಗು ಅಂತಾರೆ. ನಾನು ಮಂಗೋಲಿಯಾ ನೋಡಿಲ್ಲ." ಎಂದು ಕೂತ.

ಚಪ್ಪಾಳೆ ಬಿತ್ತು. ಕಾಫಿ ಬಂತು.

ಮೂರನೆಯ ದಿನ ಜಯದೇವಪ್ಪನವರು ಅವನಿಗೆ ತಿಂಗಳ ಕೊನೆಯೊಳಗೆ ಕೋಣೆ ಬಿಡಲು ಹೇಳಿದರು. ನಾನು ಓಡಿದೆ.

"ಏನಿದು ಯಜಮಾನ್ರೇ? ಪೊಲೀಸ್ ಠಾಣೆಯ ಕಾಗದ ಎಲ್ಲಾ ಸರಿಯಾಗಿದೆಯಲ್ಲ?"

"ಕಾಗದ ಇರ್ಲಿ ಮೇಷ್ಟ್ರೇ. ನೀವೇ ಹೇಳಿದ್ರಲ್ಲ, ತಲೆಬುರುಡೆ ರಾಶಿ ಹಾಕ್ತಿದ್ರು ಅಂತ. ಅಂಥೋರ ವಂಶ ನಮ್ಮ ಹಿತ್ತಲಲ್ಲಿ ಇಟ್ಕೊಳ್ಳಾಣಾ? ಮನೇಲಿ ಬೆಳೆದ ಮಗಳವಳೆ."

"ಅದು ಎಂಟುನೂರು ವರ್ಷದ ಹಿಂದಿನ ಮಾತು! ಅದೂ ಹೌದೋ ಅಲ್ಲವೋ…"

"ಅದೇ ನಾನು ಹೇಳದು. ಹೌದೋ ಅಲ್ಲವೋ ಗೊತ್ತಿಲ್ಲ. ಮೂಲ ಗೊತ್ತಿಲ್ಲದೋರಿಗೆ ಈ ಮನೆತನ ಯಾವತ್ತೂ ಜಾಗ ಕೊಟ್ಟಿಲ್ಲ ಕಣ್ರೀ. ರಕ್ತ ಮುಖದಲ್ಲಿ ಕಾಣ್ತದೆ."

ಇಷ್ಟನ್ನು ಅವರು ಹೇಳಿದ್ದು ತಮ್ಮ ಕೊಬ್ಬರಿ ಗಿಟುಕಿನಂಥ ಮೂಗನ್ನು ಸವರಿಕೊಳ್ಳುತ್ತ. ಹುಡುಗನ ಧರ್ಮ ಅವರಿಗೆ ಮೊದಲ ದಿನವೇ ಗೊತ್ತಿತ್ತು. ಬಾಡಿಗೆಗೆ ಐನೂರು ಸೇರಿಸಿ ಮನಸ್ಸಿಗೆ ಸಮಾಧಾನ ಮಾಡಿಕೊಂಡಿದ್ದರು. ಅವನು ಒಂದೂವರೆ ವರ್ಷದಿಂದ ಅವರ ಷರತ್ತಿನಂತೆ ಮೊಟ್ಟೆಯನ್ನೂ ಮುಟ್ಟದೆ ಮುದ್ದೆ-ಸೊಪ್ಪಿನ ಸಾರಿನಲ್ಲಿ ಬದುಕಿದ್ದ. ಅದು ಯಾವುದೂ ಮುಖದಲ್ಲಿ ಕಾಣಲಿಲ್ಲ. ಗಂಡಸಿಯಲ್ಲಿ ಜಯದೇವಪ್ಪ ಬಿಡಿಸಿದವನಿಗೆ ಬೇರೆ ಯಾರೂ ಮನೆ ಕೊಡುವುದಿಲ್ಲ. ಎಲ್ಲರ ಕಾಯಿಯೂ ಹೋಗುವುದು ಅವರ ಮಂಡಿಗೇ.

ನಾನು ಹೇಡಿ. ಅಧ್ಯಕ್ಷರನ್ನು ಎದುರಿಸುವ ಬದಲು ಕೆಂಚಯ್ಯನನ್ನು ಹುಡುಕಿಕೊಂಡು ಹೋದೆ. ಹ್ಯಾಂಡ್‌ಪೋಸ್ಟಿನ ಅದೇ ಬೆಂಚಿನಲ್ಲಿ ಸಿಕ್ಕಿದ.

"ಕೆಂಚಯ್ಯ, ಆ ಹುಡುಗನಿಗೊಂದು ವಂಶಾವಳಿ ಮಾಡಿಕೊಡು. ಒಳ್ಳೆಯದು. ಋಷಿ-ಗಿಷಿ, ಬೌದ್ಧ ವಿದ್ವಾಂಸರು, ಏನಾದರೂ. ನೀನು ಹೇಳಿದರೆ ಜಯದೇವಪ್ಪ ನಂಬುತ್ತಾರೆ."

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಸುಳ್ಳು ಹೇಳಕ್ಕೆ ನಿಮ್ಮ ಬಳಗ ಐತಲ್ಲ ಮೇಷ್ಟ್ರೇ. ಅದರಲ್ಲೂ ನನ್ನ ಪಾಲು ಬೇಕಾ?"

"ಹುಡುಗ ಬೀದಿಗೆ ಬೀಳ್ತಾನಲ್ಲ."

"ಬೀಳಿಸಿದ್ದು ಯಾರು?"

ಟೀ ದುಡ್ಡು ಕೊಟ್ಟೆ. ಅದನ್ನು ಅವನು ಬೇಡವೆನ್ನಲಿಲ್ಲ. ಗಾಡಿ ಹತ್ತುತ್ತ ಒಂದು ಮಾತು ಹೇಳಿದ: "ಸ್ವಾಮಾರ ಜಯದೇವಪ್ಪನೋರ ಮನೆ ಸರದಿ. ಮೂರು ವರ್ಷ ಆತು."

ಆ ಸೋಮವಾರ ನನಗೂ ಕರೆ ಬಂದಿತ್ತು, ಜಯದೇವಪ್ಪನವರಿಂದಲೇ. ಬಳಗದ ಸ್ಮರಣ ಸಂಚಿಕೆಯಲ್ಲಿ ತಮ್ಮ ಮನೆತನದ ಬಗ್ಗೆ ನಾಲ್ಕು ಪುಟ ಬರಬೇಕು, ಹೆಳವ ಹೇಳುವುದನ್ನು ನೀವು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ ಎಂದು. ಹೋದಾಗ ಕೆಂಚಯ್ಯ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪುಸ್ತಕದ ಕೆಂಪು ಬಟ್ಟೆ ಬಿಚ್ಚುತ್ತಿದ್ದ. ಜಯದೇವಪ್ಪನವರು ಕುರ್ಚಿಯಲ್ಲಿ. ಅವರ ಹೆಂಡತಿ ವಿಶಾಲಮ್ಮ ಬಾಗಿಲಲ್ಲಿ, ಕೈಯಲ್ಲಿ ರಾಗಿಯ ಮೊರ. ಪಕ್ಕದ ಮನೆಯ ಬೋರಯ್ಯ ಅಂಗಳದಲ್ಲಿ ನಿಂತಿದ್ದ. ಅವನು ಯಾವಾಗಲೂ ನಿಂತೇ ಇರುತ್ತಾನೆ. ಮೂವತ್ತು ಮರದ ಒಡೆಯ, ಅವನ ಕಾಯಿಗೆ ಜಯದೇವಪ್ಪನವರು ಹೇಳಿದ್ದೇ ಬೆಲೆ, ಜಗಲಿ ಹತ್ತುವ ವಾಡಿಕೆಯಿಲ್ಲ. ನೌರೋಜ್ ಹಿತ್ತಿಲಿನಿಂದ ಒಂದು ಟ್ರಂಕು ತಂದು ಗೋಡೆಯ ಬದಿಗಿಡುತ್ತಿದ್ದ.

ಜಯದೇವಪ್ಪನವರು ಅವನನ್ನು ಕರೆದರು. "ಬಾರಯ್ಯ ಇಲ್ಲಿ. ನಿಂತು ಕೇಳಿಸ್ಕೊ. ಮನೆತನ ಅಂದ್ರೆ ಏನು ಅಂತ ಗೊತ್ತಾಗ್ಲಿ."

ಕೆಂಚಯ್ಯ ವಾಡಿಕೆಯಂತೆ ಈ ಮನೆ ಕಟ್ಟಿಸಿದ ತಾತನಿಂದ ಶುರು ಮಾಡಿದ. ಜಯದೇವಪ್ಪನವರು ಕೈ ಎತ್ತಿ ತಡೆದರು.

"ತಾತನದ್ದು ಎಲ್ರಿಗೂ ಗೊತ್ತಿರೋದೇ. ಬೇರಿಂದ ಹೇಳ್ಲಾ."

"ಬೇರು ಯಾಕೆ ಬುದ್ಧಿ? ಅದು ಮಣ್ಣಲ್ಲಿರೋದು."

"ಹೇಳು ಅಂದ್ರೆ ಹೇಳು. ಮೇಷ್ಟ್ರು ರೆಕಾರ್ಡ್ ಮಾಡ್ಕತಾವ್ರೆ."

"ನಿಮ್ಮಪ್ಪಾರು ಬೇಡ ಅಂದಿದ್ರು."

"ಅಪ್ಪ ಓದಿರ್ಲಿಲ್ಲ. ಹೇಳು."

ಕೆಂಚಯ್ಯ ಒಂದು ಹಳೆಯ ಪುಸ್ತಕ ತೆಗೆದ. ಹಾಳೆ ಹಪ್ಪಳದಂತಾಗಿತ್ತು. ಕಣ್ಣು ಮುಚ್ಚಿ, ಒಂದೇ ಎಳೆಯಲ್ಲಿ, ಸಂತೆಯ ಬೆಲೆ ಕೂಗುವವನಂತೆ ಹಾಡಿದ:

"ಏಕಾಂತಯ್ಯ ಬಂದ, ಹೊನ್ನವ್ವ ಬಂದ್ಳು, ಹಿಂದೆ ಒಂದು ಕುಂಟು ಹೋರಿ ಬಂತು. ಮೂಡಲಿಂದ ಬಂದ್ರೋ ಬಡಗಲಿಂದ ಬಂದ್ರೋ, ಊರೋರು ಕೇಳಿದ್ರು, ಅವ್ರು ಹೇಳ್ನಿಲ್ಲ. ದಂಡು ಬಂದು ಊರು ಸುಟ್ಟಿತ್ತು ಅಂದ್ರು, ಯಾವ ದಂಡು ಅಂದ್ರೆ ಅತ್ರು. ಮಾತು ಬೇರೆ, ರಾಗ ಬೇರೆ, ಮುಖ ಬೇರೆ. ಮಕ್ಳು ಹಿಂದಿಂದೆ ಓಡಿ ನಕ್ಕವು. ದಂಡಿನ ಬೇಹುಗಾರ ಇವನು ಅಂದ್ರು, ಕೆರೆ ನೀರು ಕೊಡ್ನಿಲ್ಲ. ಮೂರು ತಿಂಗ್ಳು ಆಲದ ಮರದಡಿ ಕೂತ್ರು. ಬೋರೇಗೌಡ ಬಂದ, ಗೌಡನ ಹೆಂಡ್ತಿ ದ್ಯಾವವ್ವ ಬಂದ್ಳು. ದನದ ಕೊಟ್ಟಿಗೆ ಗುಡಿಸಿ ಕೊಟ್ರು. ಕೊಟ್ಟಿಗೇಲಿ ಹುಟ್ಟಿದ ಗಂಡು ಕೂಸು ಗುರುಪಾದಯ್ಯ, ಗುರುಪಾದಯ್ಯನ ಮಗ…"

"ನಿಲ್ಸು," ಎಂದರು ಜಯದೇವಪ್ಪನವರು.

ಮುಂದೆ ಏಳು ತಲೆಮಾರು ಬಾಕಿಯಿತ್ತು. ಆದರೆ ಯಾರೂ ಮುಂದಿನದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ವಿಶಾಲಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ತಿರುಗಿದರು, ಬೆನ್ನು ಕುಲುಕುತ್ತಿತ್ತು. ಬೋರಯ್ಯ ಒಂದು ಕ್ಷಣ ಯೋಚನೆ ಮಾಡಿ, ಮೂರು ಮೆಟ್ಟಿಲು ಹತ್ತಿ, ಜಗಲಿಯ ಮೇಲೆ ಆರಾಮವಾಗಿ ಕೂತ.

"ಬೋರೇಗೌಡ ಅಂದ್ರೆ ನಮ್ಮೋರಾ ಕೆಂಚಣ್ಣ?"

"ನಿಮ್ಮೋರೇ."

"ಕೊಟ್ಟಿಗೆ?"

"ಈಗ ಈ ಮನೆ ನಿಂತದಲ್ಲ, ಇದೇ ಜಾಗ."

"ಓಹೋ," ಎಂದ ಬೋರಯ್ಯ. ಮೊದಲ ಸಲ ಆ ಮನೆಯ ಅಗಲವನ್ನು ಕಣ್ಣಿನಲ್ಲೇ ಅಳೆದ.

ಜಯದೇವಪ್ಪನವರ ಮುಖ ಒಣಮೆಣಸಿನಕಾಯಿಯಾಗಿತ್ತು. "ಏನ್ಲಾ ಕೆಂಚ, ನಾವು ಎಲ್ಲಿಂದ ಬಂದೋ ಅಂತಾನೇ ಬರ್ದಿಲ್ವಾ? ಕಲ್ಯಾಣ ಗಿಲ್ಯಾಣ ಏನಾದ್ರೂ? ಸರಿಯಾಗಿ ನೋಡು!"

"ಕೇಳಿದ್ರಂತೆ ಬುದ್ಧಿ. ನಿಮ್ಮೋರು ಹೇಳ್ನಿಲ್ವಂತೆ. ನಮ್ಮೋರು ಸುಮ್ನೆ ಬರ್ಯಲ್ಲ." ಹಾಳೆ ತಿರುಗಿಸಿ, ಕಿವಿಯ ಮೇಲಿನ ಪೆನ್ನು ತೆಗೆದ. "ಇರ್ಲಿ. ಈಗ ಈ ಸೂರಿನಡಿ ಯಾರ್ಯಾರು ಅವರೆ, ಹೇಳಿ."

ಇದು ಅವರ ಕೆಲಸದ ಕೊನೆಯ ಭಾಗ. ಜಯದೇವಪ್ಪನವರು ಹೇಳಿದರು: ತಾವು, ವಿಶಾಲಮ್ಮ, ಮಗಳು ಅಕ್ಷತಾ. ಕೆಂಚಯ್ಯ ಬರೆದುಕೊಂಡ. ಆಮೇಲೆ ಪೆನ್ನಿನಿಂದ ನೌರೋಜನ ಕಡೆ ತೋರಿಸಿದ.

"ಇವ್ನು?"

"ಅವನ್ಯಾಕ್ಲಾ? ಬಾಡಿಗೆಗಿರೋನು. ಬಿಡ್ತಾವ್ನೆ."

"ವರ್ಷ ತುಂಬಿದ್ರೆ ಬರ್ಕೊಳ್ಳೋದು ನಮ್ಮ ಕ್ರಮ. ಇಲ್ದಿದ್ರೆ ಏಕಾಂತಯ್ಯನೇ ಪುಸ್ತಕಕ್ಕೆ ಬತ್ತಿರ್ಲಿಲ್ಲ." ಅವನು ನಿಧಾನವಾಗಿ ಬರೆಯತೊಡಗಿದ, ಬರೆದದ್ದನ್ನು ಜೋರಾಗಿ ಓದುತ್ತ. "ನೌರೋಜ. ಹುಳ ಎಣಿಸೋನು. ಎಲ್ಲಿಂದಲೋ ಬಂದ. ದಂಡು ಬಂದು ಊರು ಹೋಯ್ತು. ಜಯದೇವಪ್ಪನೋರು…" ಪೆನ್ನು ನಿಂತಿತು. "ಜಾಗ ಕೊಟ್ರು ಅಂತ ಬರೀಲಾ ಬುದ್ಧಿ, ಕೊಡ್ನಿಲ್ಲ ಅಂತ ಬರೀಲಾ?"

ಅಂಗಳದಲ್ಲಿ ಬೋರಯ್ಯನ ಮನೆಯ ಕೋಳಿಯೊಂದು ನೌರೋಜನ ಟ್ರಂಕಿನ ಮೇಲೆ ಹತ್ತಿ ಇಳಿಯಿತು. ಹುಡುಗ ಯಾರ ಮುಖವನ್ನೂ ನೋಡದೆ ನಿಂತಿದ್ದ. ಮುಖಗಳು ತೀರ್ಮಾನ ಮಾಡುವ ಹೊತ್ತಿನಲ್ಲಿ ಹೇಗೆ ನಿಲ್ಲಬೇಕೆಂಬುದು ಅವನಿಗೆ ರೂಢಿಯಿತ್ತು.

"ನನ್ನ ಮಗನ ಕಾಲಕ್ಕೆ ಇದನ್ನ ಇದೇ ಜಗಲಿ ಮೇಲೆ ಓದ್ತಾರೆ," ಎಂದ ಕೆಂಚಯ್ಯ, ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ. "ನಿಮ್ಮ ಮೊಮ್ಮಕ್ಳು ಕೂತಿರ್ತಾರೆ. ಬೋರಯ್ಯನ ಮೊಮ್ಮಕ್ಳೂ ಕೂತಿರ್ತಾವೆ."

"ಕೂತಿರ್ತಾವೆ," ಎಂದ ಬೋರಯ್ಯ, ಕೂತುಕೊಂಡೇ.

ಜಯದೇವಪ್ಪನವರು ಒಳ್ಳೆಯವರಾದರು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಅವರು ಮಾರುಕಟ್ಟೆಯಲ್ಲಿ ಕೊಬ್ಬರಿ ಬೆಲೆ ಬಿದ್ದಾಗ ಮಾಡುವ ಮುಖವನ್ನೇ ಮಾಡಿದರು, ಮೊದಲು ನನ್ನ ಫೋನನ್ನು, ಆಮೇಲೆ ಬೋರಯ್ಯನ ಕಾಲನ್ನು ನೋಡಿದರು. ಕೊಬ್ಬರಿಯಾದರೆ ಬೆಲೆ ಏರುವವರೆಗೆ ಗೋದಾಮಿನಲ್ಲಿ ಕೂಡಿಡಬಹುದು. ಈ ಸಾಲನ್ನು ಕೂಡಿಡಲು ಜಾಗವಿಲ್ಲ.

"ಬರ್ಕೊ," ಎಂದರು. "ಕೊಟ್ರು ಅಂತ."

"ಎಷ್ಟು ದಿನಕ್ಕೆ?"

"ಅವನ ಹುಳ ಮುಗಿಯೋಗಂಟ. ಸಾಕಾ? ಮೇಷ್ಟ್ರೇ, ಆ ರೆಕಾರ್ಡ್ ಅಳಿಸ್ರೀ."

ಅಳಿಸಿದೆ. ಅಂದರೆ ಅಳಿಸಿದಂತೆ ಮಾಡಿದೆ. ಸ್ಮರಣ ಸಂಚಿಕೆಯ ನಾಲ್ಕು ಪುಟಕ್ಕೆ ಒಂದು ಜಾಹೀರಾತು ಬಂತು. ನೌರೋಜ್ ಯಾರಿಗೂ ವಂದನೆ ಹೇಳಲಿಲ್ಲ. ಟ್ರಂಕನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಎರಡೇ ನಿಮಿಷದಲ್ಲಿ ನೋಟ್‌ಬುಕ್ಕು ಹಿಡಿದು ತೋಟದ ಕಡೆ ಹೊರಟ. ಆವತ್ತು ಸೋಮವಾರ, ಗರಿ ಎಣಿಸುವ ದಿನ. ಆಗಲೇ ಹತ್ತು ಗಂಟೆಯಾಗಿತ್ತು.

ವಿಶಾಲಮ್ಮನವರು ಒಂದು ಮೊರದ ಬದಲು ಎರಡು ಮೊರ ರಾಗಿ ಸುರಿದರು. ಅದನ್ನು ಗಾಡಿಯವರೆಗೆ ಹೊತ್ತು ತರುವ ಕೆಲಸ ನನಗೆ ಬಿತ್ತು. ಕೆಂಚಯ್ಯ ಪುಸ್ತಕದ ಚೀಲಕ್ಕೆ ದಾರ ಬಿಗಿಯುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಎಷ್ಟೆಂದರೂ ಉಪನ್ಯಾಸ ಕೊಟ್ಟವನು ನಾನು. ಮೂರು ವಾದಗಳಲ್ಲಿ ಯಾವುದಕ್ಕೂ ಒಂದು ಗತಿ ಕಾಣದೆ ಹೋಗುವುದು ಹೇಗೆ?

"ಕೆಂಚಯ್ಯ, ಅಷ್ಟು ಬರೆದೆಯಲ್ಲ. ಹಜಾರಾ ಅಂದರೆ ಯಾರು, ಅವರ ಮೂಲ ಏನು ಅಂತ ಒಂದು ಮಾತು ಅವನನ್ನ ಕೇಳಿ ಬರ್ಕೊಬಾರದಿತ್ತೇ?"

ಅವನು ಎಕ್ಸೆಲ್ಲಿನ ಪೆಡಲ್ ತುಳಿದು ಗಾಡಿ ಚಾಲೂ ಮಾಡಿದ.

"ಅವ್ನು ಯಾರು ಅಂತ ಅವ್ನಿಗೆ ಗೊತ್ತೈತೆ ಮೇಷ್ಟ್ರೇ. ಗೊತ್ತಿಲ್ದೋರಿಗೆ ಮಾತ್ರ ನಾವು ಬರ್ದಿಡೋದು."